ಯಾರ್ಗವ್ವಾ ಬುತ್ತಿ?

ಹೆಂಗಸೊಬ್ಬಳು ಸೈಕಲ್ಲಿನ ಹಿಂದೆ ಬುತ್ತಿ ಕಟ್ಟಿಕೊಂಡು ಹೊರಟರೆ, ನಮ್ಮ ಕಡೆ ಏನಾದರೂ ಒಂದು ಆಗದೆ ಅವಳು ಮನೆಗೆ ವಾಪಸ್ ಬರುವುದೇ ಇಲ್ಲ. ಬರೀ ಸೈಕಲ್ ಆದರೆ ಜನ ಒಂದು ಸಲ ನೋಡಿ ಸುಮ್ಮನಾಗುತ್ತಾರೆ. ಹಿಂದೆ ಬುತ್ತಿ ಕಂಡಿತೋ, ದಾರಿಯಲ್ಲಿರುವ ಎಲ್ಲ ಜಗಲಿಗಳಿಗೂ ನನ್ನ ಮೇಲೆ ಹಕ್ಕು ಬಂದುಬಿಡುತ್ತದೆ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ನನಗೆ ನಲವತ್ತೆಂಟು. ಮದುವೆ ಆಗಲಿಲ್ಲ. ಯಾಕೆ ಅಂತ ಕೇಳಿದವರಿಗೆಲ್ಲ ಅಮ್ಮ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳಿ ಮುಗಿಸಿದ್ದಾಳೆ, ನನ್ನ ಹತ್ತಿರ ಹೊಸದೇನೂ ಉಳಿದಿಲ್ಲ. ಕೊಳ್ಳೇಗಾಲದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಊರಲ್ಲಿ ನನ್ನ ಮುಖ ಎಲ್ಲರಿಗೂ ಗೊತ್ತು. ಆದರೆ ಎದುರಿಗೆ ಸಿಕ್ಕರೆ ಯಾರೂ ನಗುವುದಿಲ್ಲ, ತೋಳು ಮುಚ್ಚಿಕೊಳ್ಳುತ್ತಾರೆ. ವಾರಪೂರ್ತಿ ನಾನು ಜನಕ್ಕೆ ಹೇಳುವುದು ಒಂದೇ ಮಾತು, "ಬೆಳಿಗ್ಗೆ ಏನೂ ತಿನ್ನದೆ ಬನ್ನಿ."

ಅಮ್ಮ ಹೋಗಿ ಎರಡು ವರ್ಷವಾಯಿತು. ಸೂತಕದ ಮನೆಯಲ್ಲಿ ಒಲೆ ಹಚ್ಚಬಾರದು ಅಂತ ಬೀದಿಯವರು ಸರದಿಯ ಮೇಲೆ ಊಟ ತಂದುಕೊಟ್ಟರು. ಕಾರ್ಯ ಮುಗಿಯಿತು. ಅವರವರ ಪಾತ್ರೆ ಅವರವರು ತೆಗೆದುಕೊಂಡು ಹೋದರು. ತಪ್ಪೇನಿಲ್ಲ, ಪಾತ್ರೆ ಅವರದೇ. ಆ ಗಡಿಬಿಡಿಯಲ್ಲಿ ನನಗೆ ಅಳುವುದಕ್ಕೂ ಪುರುಸೊತ್ತಾಗಲಿಲ್ಲ, ಶಾಮಿಯಾನದವನಿಂದ ಹಿಡಿದು ಎಲೆ ತರುವವನ ತನಕ ಎಲ್ಲರೂ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಆಮೇಲೆ ಒಲೆ ಹಚ್ಚಿ ಅನ್ನಕ್ಕಿಟ್ಟರೆ ಕೈಗೆ ಇಬ್ಬರ ಅಳತೆಯೇ ಬರುತ್ತಿತ್ತು. ಈಗಲೂ ಅದೇ ಬರುತ್ತದೆ. ಆದರೆ ತಟ್ಟೆ ಹಾಕಿಕೊಂಡು ಒಬ್ಬಳೇ ಕೂತು ಉಣ್ಣುವುದು ಮಾತ್ರ ನನ್ನಿಂದ ಆಗಲಿಲ್ಲ. ಒಲೆಯ ಮುಂದೆ ನಿಂತುಕೊಂಡೇ ನಾಲ್ಕು ತುತ್ತು ನುಂಗಿ, ಉಳಿದದ್ದನ್ನು ಫ್ರಿಜ್ಜಿಗೆ ತಳ್ಳಿ, ಮಾರನೆಯ ದಿನ ಅದನ್ನೇ ಬಿಸಿ ಮಾಡಿ ಮತ್ತೆ ನಿಂತುಕೊಂಡೇ ತಿನ್ನುತ್ತಿದ್ದೆ.

ಹೀಗಿರುವಾಗ ಲ್ಯಾಬಿನ ಸಹೋದ್ಯೋಗಿಯೊಬ್ಬರು ಮಗಳು ಹಾಸ್ಟೆಲ್ಲಿಗೆ ಹೋದಳೆಂದು ಅವಳ ಗೇರ್ ಸೈಕಲ್ಲನ್ನು ನನಗೆ ದಾಟಿಸಿದರು. ಒಂದು ಭಾನುವಾರ ಸುಮ್ಮನೆ ಹನೂರಿನ ತನಕ ತುಳಿದೆ. ಜೊತೆಗೆ ಚಿತ್ರಾನ್ನ ಇತ್ತು. ಹೊಂಗೆ ಮರದ ಕೆಳಗೆ ಕೂತು ಡಬ್ಬಿ ಬಿಚ್ಚಿದರೆ ಹೊಟ್ಟೆ ಹಸಿದಿತ್ತು, ರಸ್ತೆಯಲ್ಲಿ ಜನ ಓಡಾಡುತ್ತಿದ್ದರು, ಒಂದು ಮೇಕೆ ನನ್ನ ಮುಖವನ್ನೇ ನೋಡುತ್ತ ನಿಂತಿತ್ತು. ಬಹಳ ದಿನಗಳ ಮೇಲೆ ಕೂತು ಉಂಡೆ. ಅಂದಿನಿಂದ ಇದು ನಡೆದುಕೊಂಡು ಬಂದಿದೆ. ಜನ ಆರೋಗ್ಯಕ್ಕೆ ಸೈಕಲ್ ತುಳಿಯುತ್ತಾರಂತೆ. ನಾನು ತುಳಿಯುವುದು ಒಂದು ಹೊತ್ತು ಕೂತು ಉಣ್ಣುವುದಕ್ಕೆ.

೧. ಹನೂರು ರಸ್ತೆಯ ತಾತ

ಹನೂರಿಗೆ ಹೋಗುವ ದಾರಿಯಲ್ಲಿ ಒಂದು ಊರು. ರಸ್ತೆಗೆ ಅಂಟಿಕೊಂಡ ಮನೆಯ ಜಗಲಿಯ ಮೇಲೆ ಒಬ್ಬ ತಾತ ಕೂತಿರುತ್ತಾನೆ. ಹಣೆ ತುಂಬ ವಿಭೂತಿ, ಪಕ್ಕದಲ್ಲಿ ಊರುಗೋಲು. ರಸ್ತೆಯಲ್ಲಿ ಹೋಗುವ ಯಾವುದನ್ನೂ ವಿಚಾರಿಸದೆ ಬಿಡುವ ಪೈಕಿ ಅಲ್ಲ.

"ಯಾರ್ಗವ್ವಾ ಬುತ್ತಿ?" ಅಂದ ಮೊದಲನೆಯ ಭಾನುವಾರವೇ.

"ನನಗೇ ತಾತ."

"ಅದಲ್ಲ ಕಣವ್ವ. ಒಲ ಎಲ್ಲದೆ? ಯಾರ್ಗ್ ಒಯ್ತಿದ್ದೀಯೆ?"

"ಹೊಲ ಇಲ್ಲ ತಾತ. ನಾನೇ ಉಣ್ಣೋಕೆ."

ತಾತ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಬುತ್ತಿ ಅಂದರೆ ಹೊಲದಲ್ಲಿರುವ ಗಂಡನಿಗೆ, ಇಲ್ಲ ಅಣ್ಣನಿಗೆ, ಇಲ್ಲ ಕೂಲಿಯವರಿಗೆ. ತನ್ನ ಬುತ್ತಿ ತಾನೇ ಕಟ್ಟಿಕೊಂಡು ಊರೂರು ತಿರುಗಿ ತಾನೇ ಉಂಡು ಬರುವ ಹೆಂಗಸನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಮನೇಲೇ ಉಣ್ಣಕ್ಕೇನಾಗಿತ್ತವ್ವ?"

ಅದಕ್ಕೆ ನನ್ನ ಹತ್ತಿರ ಉತ್ತರ ಇತ್ತು, ಆದರೆ ಜಗಲಿಯ ಮೇಲೆ ಹೇಳುವಂಥದ್ದಲ್ಲ. ನಾನು ಬುತ್ತಿಯ ಗಂಟು ಬಿಗಿ ಮಾಡುತ್ತಿದ್ದುದು ನೋಡಿ ತಾತನಿಗೆ ಹೊಳೆಯಿತು.

"ಓ, ಆಸ್ಪತ್ರೆಗಾ! ಯಾರ್ ಅಡ್ಮಿಟ್ ಆಗವ್ರೆ?"

ಬಿಸಿಲು ಏರುತ್ತಿತ್ತು. "ಹೂಂ ತಾತ, ಆಸ್ಪತ್ರೆಗೆ" ಅಂದುಬಿಟ್ಟೆ. ತಾತನ ಮುಖದಲ್ಲಿ ಎಂಥ ಸಮಾಧಾನ! "ಬಿರ್ನೆ ಓಗು, ಆರೋಯ್ತದೆ" ಎಂದು ದಾರಿ ಬಿಟ್ಟ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮಧ್ಯಾಹ್ನ ವಾಪಸ್ ಬರುವಾಗ ತಾತ ಅಲ್ಲೇ ಇದ್ದ. "ಉಂಡ್ರಾ?" ಅಂದ. "ಚೆನ್ನಾಗಿ ಉಂಡ್ರು" ಅಂದೆ. ಅದು ಸುಳ್ಳಲ್ಲ. ಮುಂದಿನ ಭಾನುವಾರ, "ಡಿಸ್ಚಾರ್ಜ್ ಮಾಡ್ನಿಲ್ವಾ ಇನ್ನೂವ?" ಅದರ ಮುಂದಿನ ವಾರ ಯಳಂದೂರಿನ ಕಡೆ ಹೋಗಿದ್ದೆ, ಅದಕ್ಕೂ ಲೆಕ್ಕ ಕೇಳಿದ, "ಓದ್ವಾರ ಬರ್ನಿಲ್ಲ, ಉಣ್ಣಕ್ಕ್ ಯಾರ್ ಕೊಟ್ರು?" ನನಗಿಲ್ಲದ ಒಬ್ಬ ತಮ್ಮನನ್ನು ಹುಟ್ಟಿಸಿ ಅವನ ಕೈಲಿ ಬುತ್ತಿ ಕಳಿಸಿದೆ. ತಾತನಿಗೆ ಪೇಷಂಟಿನ ಚಿಂತೆ ದಿನೇದಿನೇ ಜಾಸ್ತಿಯಾಯಿತು. ಒಂದು ದಿನ ಹತ್ತಿರ ಕರೆದು, "ಆಸ್ಪತ್ರೆ ಔಸ್ತಿ ಅಂಗಿರ್ಲಿ. ಉಳ್ಳಿ ಕಟ್ಟು ಮಾಡಿ ಒಸಿ ಮೆಣಸು ಕುಟ್ಟಾಕಿ ಕುಡ್ಸು" ಎಂದ.

ಹುರುಳಿ ಕಾಳು ಬೇಯಿಸಿ ಕಟ್ಟು ಬಸಿದು, ಮೆಣಸು ಬೆಳ್ಳುಳ್ಳಿ ಹಾಕಿ ಫ್ಲಾಸ್ಕಿಗೆ ತುಂಬಿಕೊಂಡು ಹೋದೆ. ದಾರಿಯಲ್ಲಿ ಎರಡು ಸಲ ಕುಡಿದೆ. ಅವತ್ತು ಯಾವ ದಿಣ್ಣೆಯಲ್ಲೂ ಇಳಿದು ತಳ್ಳಲಿಲ್ಲ.

ಮುಂದಿನ ವಾರ ತಾತ ಕಾಯುತ್ತಿದ್ದ. "ಎಂಗಾಯ್ತವ್ವ ಉಳ್ಳಿ ಕಟ್ಟು, ಪೇಷಂಟ್ಗೆ?"

"ಕಾಲಿಗೆ ಬಲ ಬಂತು ತಾತ. ಗುಡ್ಡ ಹತ್ತೋ ಹಂಗಾಗಿದೆ."

"ನೋಡ್ದಾ! ಇನ್ನೊಂದ್ ವಾರಕ್ಕೆ ಸೈಕಲ್ನೇ ತುಳಿತಾರೆ, ತಕ್ಕೊ!"

೨. ಅಮ್ಮನ ಹಿಡಿ

ಮೈಸೂರಿನ ಕಡೆಯಿಂದ ಒಮ್ಮೊಮ್ಮೆ ಸೈಕಲ್ ಹುಡುಗರ ಗುಂಪು ಬರುತ್ತದೆ. ಮೈಗಂಟಿದ ಬಟ್ಟೆ, ಕಪ್ಪು ಕನ್ನಡಕ, ನನ್ನ ಒಂದು ವರ್ಷದ ಸಂಬಳದ ಸೈಕಲ್ಲು. ಯಳಂದೂರಿನ ಟೀ ಅಂಗಡಿಯ ಮುಂದೆ ಅವರಲ್ಲೊಬ್ಬ ಪಕ್ಕಕ್ಕೆ ಬಂದು ಕೂತ.

"ಆಂಟಿ, ನೀವು ನ್ಯೂಟ್ರಿಷನ್‌ಗೆ ಏನು ಯೂಸ್ ಮಾಡ್ತೀರಾ?"

ಅವನ ಕೈಯಲ್ಲಿ ಜೆಲ್ಲಿನ ಪೊಟ್ಟಣ. ಕಾಲು ಸೋಲುವ ಮುಂಚೆ ಹರಿದು ಬಾಯಿಗೆ ಹಿಂಡಿಕೊಳ್ಳಬೇಕಂತೆ. ನನಗೂ ಒಂದು ಕೊಟ್ಟ. ಶುಗರ್ ಟೆಸ್ಟಿಗೆ ನಾವು ಕುಡಿಸುವ ಗ್ಲೂಕೋಸ್ ನೀರು ಅದಕ್ಕಿಂತ ವಾಸಿ. ನಾನು ನನ್ನ ಹುರಿಟ್ಟಿನ ಉಂಡೆ ಕೊಟ್ಟೆ. ರಾಗಿಯನ್ನು ಅರಳು ಹುರಿದು ಬೀಸಿದ ಹಿಟ್ಟಿಗೆ ಬೆಲ್ಲ, ಕೊಬ್ಬರಿ, ಹುರಿದ ಕಡಲೆಕಾಯಿ, ತುಪ್ಪ. ಹುಡುಗ ಒಂದು ತಿಂದ, ಎರಡು ತಿಂದ, ಆಮೇಲೆ ಫೋನ್ ತೆಗೆದ.

"ಹಿಟ್ಟು ಎಷ್ಟು ಗ್ರಾಂ ಆಂಟಿ?"

"ನಾಲ್ಕು ಹಿಡಿ."

"ಯಾರ ಹಿಡಿ? ನಿಮ್ಮದಾ?"

ನಾನು ಯಾವತ್ತೂ ಯೋಚಿಸಿರಲಿಲ್ಲ. ಅಮ್ಮ ಅವಳ ಕೈಯಲ್ಲಿ ನಾಲ್ಕು ಹಿಡಿ ಹಾಕುತ್ತಿದ್ದಳು, ನಾನು ನೋಡಿಕೊಂಡು ಕಲಿತದ್ದು. ನನ್ನ ಕೈ ಅವಳದಕ್ಕಿಂತ ಚಿಕ್ಕದು. ಅದಕ್ಕೇ ನಾನು ಮಾಡಿದ ಉಂಡೆ ಅವಳದರ ಹಾಗೆ ಬರುವುದಿಲ್ಲ ಅಂತ ಎರಡು ವರ್ಷದ ಮೇಲೆ ಆ ಟೀ ಅಂಗಡಿಯಲ್ಲಿ ಗೊತ್ತಾಯಿತು. "ನಮ್ಮಮ್ಮನ ಹಿಡಿ" ಅಂದೆ.

ಹುಡುಗ ಒಳ್ಳೆಯವನು. ಫೋನಿನಲ್ಲಿ ಬರೆದುಕೊಂಡ. ಆಮೇಲೆ ತಲೆಯೆತ್ತಿ ಬಹಳ ಗೌರವದಿಂದ ಕೇಳಿದ, "ಅಮ್ಮನ ಹಿಡಿ ಆನ್‌ಲೈನಲ್ಲಿ ಸಿಗುತ್ತಾ ಆಂಟಿ?"

೩. ಆನೆಗೆ ಬೆಲ್ಲದ ವಾಸನೆ

ಯಳಂದೂರು ದಾಟಿ ಬಿಳಿಗಿರಿರಂಗನ ಬೆಟ್ಟದ ಬುಡದ ತನಕ ಹೋದರೆ ಚೆಕ್‌ಪೋಸ್ಟ್. ಅಲ್ಲಿಂದ ಮುಂದೆ ಕಾಡು. ನನಗೆ ಬೆಟ್ಟ ಹತ್ತುವ ಆಸೆ ಇರಲಿಲ್ಲ, ಆದರೂ ಕೇಳಿ ನೋಡೋಣ ಅನ್ನಿಸಿತು.

ಕಾವಲಿನವನು ಒಬ್ಬನೇ ಇದ್ದ. "ಸೈಕಲ್ ಬುಡಂಗಿಲ್ಲ ಮೇಡಮ್, ಆನೆ ಅವೆ" ಅಂದ. ಆಮೇಲೆ ಮೂಗು ಅರಳಿಸಿ, "ಅದೇನ್ ಬ್ಯಾಗಲ್ಲಿ?"

"ಉಂಡೆ. ಎಳ್ಳು ಬೆಲ್ಲ."

"ಬೆಲ್ಲ್ವಾ! ಸೈಕಲ್ಗಿಂತ ಅದೇ ಡೇಂಜರ್. ಆನೆಗೆ ಬೆಲ್ಲದ್ ವಾಸ್ನೆ ಎಲ್ಲಿದ್ರೂ ಒಡಿತದೆ. ಇಲ್ಲಿಡ್ಕಂಡ್ ಕೂತ್ರೂ ಕಷ್ಟವೇ."

"ಹಾಗಾದ್ರೆ ಏನು ಮಾಡ್ಲಿ?"

ಬಹಳ ಯೋಚನೆ ಮಾಡಿ ಹೇಳಿದ, "ಖಾಲಿ ಮಾಡ್ಬೇಕು."

ಅವನ ಸ್ಟೂಲ್ ಒಂದು, ಸಿಮೆಂಟ್ ಕಟ್ಟೆ ಒಂದು. ನಾನು ಕಟ್ಟೆಯ ಮೇಲೆ ಕೂತೆ. ಅವನು ಒಂದು ಉಂಡೆ ತಿಂದು, "ವಾಸ್ನೆ ಅಷ್ಟಿಲ್ಲ ಬುಡಿ" ಅಂದ. ಇನ್ನೊಂದು ತಿಂದು, "ಒಂದ್ರಲ್ಲಿ ಗೊತ್ತಾಗಕಿಲ್ಲ" ಅಂದ. ಮೂರನೆಯದರ ಹೊತ್ತಿಗೆ ಅವನ ಊರು, ಅವನ ಹೆಂಡತಿ ಮಾಡುವ ಕಜ್ಜಾಯ, ಹಬ್ಬಕ್ಕೂ ರಜೆ ಸಿಗದ ಕತೆ ಎಲ್ಲ ಆಯಿತು. ಇಲ್ಲಿ ದಿನವಿಡೀ ಮಾತಾಡುವುದು ಎರಡೇ ಮಾತಂತೆ, "ನಿಲ್ಸಿ" ಮತ್ತು "ಓಗಿ". ನನಗೂ ಅಷ್ಟೇ ಅಂದೆ, "ಕೈ ಚಾಚಿ" ಮತ್ತು "ಮಡಚಿ". ಇಬ್ಬರೂ ನಕ್ಕೆವು.

ಡಬ್ಬಿ ಖಾಲಿಯಾಯಿತು. ತಳ ತೋರಿಸಿ ಎದ್ದೆ. "ಆಯ್ತಲ್ಲ, ಇನ್ನು ಆನೆ ಭಯ ಇಲ್ಲ. ನಾನು ಹೊರಡ್ತೀನಿ."

ಅವನು ತನ್ನ ಅಂಗೈ ಮೂಸಿ ನೋಡಿಕೊಂಡ. ಕಾಡಿನ ಕಡೆ ಒಂದು ಸಲ ನೋಡಿದ.

"ಒಸಿ ಒತ್ತು ಕುಂತಿರಿ ಮೇಡಮ್. ಈಗ ವಾಸ್ನೆ ನನ್ ಮೈಯಿಂದ್ಲೇ ಬತ್ತಾದೆ."

೪. ಹಂದಿ ಓಡಿಸಿದ ಅಂಬಲಿ

ಬಿಸಿಲಿಗೆ ಅಂಬಲಿಯಂಥದ್ದು ಇನ್ನೊಂದಿಲ್ಲ. ರಾಗಿ ಅಂಬಲಿ ಕಾಯಿಸಿ, ಹಿಂದಿನ ದಿನವೇ ಮಜ್ಜಿಗೆ ಬೆರೆಸಿ, ಉಪ್ಪು ಈರುಳ್ಳಿ ಹಾಕಿಟ್ಟರೆ ಬೆಳಿಗ್ಗೆಗೆ ಹದವಾಗಿ ಹುಳಿ ಬಂದಿರುತ್ತದೆ. ಅದನ್ನು ನಾನು ಬಾಟಲಿಗೆ ಕತ್ತಿನ ತನಕ ತುಂಬಿ, ಚೆಲ್ಲಬಾರದೆಂದು ಮುಚ್ಚಳವನ್ನು ಮೈಯ ಬಲವೆಲ್ಲ ಹಾಕಿ ತಿರುಗಿಸಿದ್ದೆ. ಹುಳಿ ಬಂದದ್ದಕ್ಕೆ ಉಸಿರಾಡಲು ಜಾಗ ಬೇಕು ಅಂತ ಅಮ್ಮ ಹೇಳುತ್ತಿದ್ದಳು. ಅಮ್ಮ ಹೇಳಿದ್ದರಲ್ಲಿ ನಾನು ಅರ್ಧ ಕೇಳಿಸಿಕೊಂಡಿಲ್ಲ.

ಲೊಕ್ಕನಹಳ್ಳಿಯ ಹತ್ತಿರ ರಸ್ತೆ ಹಳ್ಳ ಬಿದ್ದಿತ್ತು. ದಾರಿಯುದ್ದಕ್ಕೂ ಕುಲುಕಿ ಕುಲುಕಿ, ಒಂದು ಜೋಳದ ಹೊಲದ ಬೇಲಿ ಪಕ್ಕ ಸೈಕಲ್ ನಿಲ್ಲಿಸಿದೆ. ಬಾಟಲಿ ಕೈಗೆತ್ತಿಕೊಂಡು ಮುಚ್ಚಳ ಒಂದು ಸುತ್ತು ತಿರುಗಿಸಿದೆನೋ ಇಲ್ಲವೋ, ಢಂ!

ಮುಚ್ಚಳ ಹೋದದ್ದು ಕಾಣಲಿಲ್ಲ. ಅಂಬಲಿ ಮಾತ್ರ ಪೂರ್ತಿ ನನ್ನ ಮುಖಕ್ಕೇ ಬಂತು. ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಹೊಲದ ನಡುವಿನ ಅಟ್ಟಣೆಯಿಂದ ಯಾರೋ ಕೂಗಿದರು, "ಅಂದಿ ಕಣ್ರಲಾ! ಅಂದಿ! ಪಟಾಕಿ ಒಡುದ್ರು, ಬನ್ರೋ!" ನಾಯಿ ಬೊಗಳಿದವು, ತಗಡು ಬಡಿದರು, ನಾಲ್ಕು ಜನ ದೊಣ್ಣೆ ಹಿಡಿದು ಓಡಿ ಬಂದರು. ಬಂದು ನೋಡಿದರೆ ಬೇಲಿ ಪಕ್ಕದಲ್ಲಿ ಹೆಲ್ಮೆಟ್ ಹಾಕಿಕೊಂಡು ತಲೆಯಿಂದ ಅಂಬಲಿ ಸುರಿಸುತ್ತ ನಾನು.

ಆಮೇಲೆ ಅವರಲ್ಲಿ ದೊಡ್ಡವನು ದೊಣ್ಣೆ ಕೆಳಗಿಟ್ಟು, ಇಂಥ ಸ್ಥಿತಿಯಲ್ಲೂ ಅದನ್ನೇ ಕೇಳಿದ, "ಯಾರ್ಗವ್ವಾ ತಕಂಡೋಯ್ತಿದ್ದೆ ಅಂಬ್ಲಿಯ?"

ಅವರದೇ ಕೊಡದಿಂದ ನೀರು ಹುಯ್ದು ಮುಖ ತೊಳೆಸಿದರು. ನಿಜವಾದ ಪಟಾಕಿ ಹೊಡೆದು ಹೊಡೆದು ಹಂದಿಗಳಿಗೆ ಅಭ್ಯಾಸವಾಗಿಬಿಟ್ಟಿದೆಯಂತೆ, ಕಿವಿಯನ್ನೂ ಅಲ್ಲಾಡಿಸದೆ ಮೇಯುತ್ತವಂತೆ. ಅವತ್ತು ಮಾತ್ರ ಹೊಲದ ಆ ಮೂಲೆಯಿಂದ ಒಂದು ಹಿಂಡು ನಿಜಕ್ಕೂ ಓಡಿಹೋದದ್ದನ್ನು ಅಟ್ಟಣೆಯವನು ಕಣ್ಣಾರೆ ಕಂಡಿದ್ದ. ಎಷ್ಟು ರಾಗಿಗೆ ಎಷ್ಟು ಮಜ್ಜಿಗೆ, ಎಷ್ಟು ಹೊತ್ತು ಇಡಬೇಕು ಎಲ್ಲ ಕೇಳಿಕೊಂಡರು.

ಒಂದು ತಿಂಗಳ ಮೇಲೆ ಅದೇ ದಾರಿಯಲ್ಲಿ ಹೋದೆ. ಬೇಲಿಯ ಮೇಲೆ ಸಾಲಾಗಿ ಬಾಟಲಿಗಳು, ಎಲ್ಲ ಖಾಲಿ. "ಏನಣ್ಣ, ಹಂದಿ ಹೆದರಿದ್ವಾ?" ಅಂತ ಕೇಳಿದೆ.

"ಎಲ್ಲವ್ವ, ಢಂ ಅನ್ನಾಗಂಟ ಕಾಯ್ಬೇಕಲ್ಲ. ಕಾವಲ್ಗೆ ಕುಂತೋರೇ ಕುಡುದ್ಬುಡ್ತಾರೆ."

೫. ಬಂಡಳ್ಳಿಯ ಪೇಷಂಟು

ಇದು ಸಣ್ಣದು. ಬಂಡಳ್ಳಿಯ ಹತ್ತಿರ ಒಂದು ಹುಣಸೆ ಮರದ ಕೆಳಗೆ ಕೂತು ಒಬ್ಬಟ್ಟು ತಿನ್ನುತ್ತಿದ್ದೆ. ಮರದ ಆ ಕಡೆಯಿಂದ ಕಾಗದ ಸರಸರ ಅಂದಿತು. ಬಗ್ಗಿ ನೋಡಿದೆ. ನಮ್ಮ ಲ್ಯಾಬಿಗೆ ತಿಂಗಳು ತಿಂಗಳು ಶುಗರ್ ನೋಡಿಸಲು ಬರುವ ಯಜಮಾನರು, ಮನೆಯವರ ಕಣ್ಣು ತಪ್ಪಿಸಿ ಜಿಲೇಬಿ ಪೊಟ್ಟಣ ಬಿಚ್ಚಿಕೊಂಡು ಕೂತಿದ್ದಾರೆ. ನನ್ನನ್ನು ಕಂಡಿದ್ದೇ ತಡ, ಮೊದಲು ಜಿಲೇಬಿ ಬಚ್ಚಿಡುವ ಬದಲು ತೋಳು ಮುಚ್ಚಿಕೊಂಡರು.

"ಇವತ್ತು ಭಾನುವಾರ, ಸೂಜಿ ತಂದಿಲ್ಲ" ಅಂದೆ.

ಜೀವ ಬಂದ ಹಾಗಾಯಿತು ಅವರಿಗೆ. ಒಂದು ಜಿಲೇಬಿ ನನ್ನ ಕಡೆ ನೀಡಿದರು. ನಾನು ಒಬ್ಬಟ್ಟು ಮುಚ್ಚಿಟ್ಟೆ, ಕೊಡಲಿಲ್ಲ. ಮುಂದಿನ ವಾರ ಲ್ಯಾಬಿಗೆ ಬಂದಾಗ ರಿಪೋರ್ಟು ನೋಡಿ ಡಾಕ್ಟರು ರೇಗಿದರಂತೆ. ಯಜಮಾನರು ಹೊರಗೆ ಬಂದು ಎಲ್ಲರ ಎದುರಿಗೆ ನನ್ನ ಮೇಲೆ ಹಾರಿಬಿದ್ದರು, "ಮರದ ಕೆಳೀಕೆ ಸಿಕ್ಕುದ್ರಲ್ಲ, ಅವತ್ತೇ ಎರಡ್ ಬೈದು ಜಿಲೇಬಿ ಕಿತ್ಕಳಕ್ಕೇನಾಗಿತ್ತು ನಿಮ್ಗೆ?"

೬. ಕೌದಳ್ಳಿಯ ಸಾಲು

ಮಾದಪ್ಪನ ಬೆಟ್ಟಕ್ಕೆ ಜನ ನಡೆದು ಹೋಗುವ ದಿನಗಳು. ದಾರಿಯುದ್ದಕ್ಕೂ ಹರಕೆ ಹೊತ್ತವರು ಮರದ ಕೆಳಗೆ ಪಾತ್ರೆ ಇಟ್ಟುಕೊಂಡು ನಡೆಯುವವರಿಗೆ ಅನ್ನ ಹಾಕುತ್ತಾರೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಆದರೆ ಹಸಿದಾಗ ನೆನಪಾಗಲಿಲ್ಲ. ಕೌದಳ್ಳಿ ದಾಟಿ ಒಂದು ಆಲದ ಮರದ ಕೆಳಗೆ ಟವೆಲ್ ಹಾಸಿ ಪುಳಿಯೋಗರೆ ಡಬ್ಬಿ ಬಿಚ್ಚಿದೆ. ಎಂದಿನಂತೆ ಇಬ್ಬರ ಅಳತೆ. ಚಮಚ ಕೈಗೆ ತೆಗೆದುಕೊಂಡು ತಲೆಯೆತ್ತಿದರೆ ಎದುರಿಗೆ ಒಬ್ಬ ಬರಿಗಾಲಿನವನು ಎಲೆ ಚಾಚಿಕೊಂಡು ನಿಂತಿದ್ದಾನೆ. ಅವನ ಹಿಂದೆ ಇನ್ನೊಬ್ಬ. ಅವನ ಹಿಂದೆ ಸಾಲು.

"ಉಘೇ ಮಾದಪ್ಪ" ಅಂದ ಮೊದಲನೆಯವನು.

ಇದು ನನ್ನ ಊಟ ಅಂತ ಹೇಗೆ ಹೇಳುವುದು? ಅದೂ ಮಾದಪ್ಪನ ಹೆಸರು ಹೇಳಿ ಎಲೆ ಒಡ್ಡಿದ ಮೇಲೆ? ಒಂದು ಚಮಚ ಹಾಕಿದೆ. ಎರಡನೆಯವನಿಗೂ ಹಾಕಿದೆ. ಸಾಲು ಉದ್ದ ಕಂಡಂತೆಲ್ಲ ಚಮಚ ಅರ್ಧ ಮಾಡಿದೆ, ಕಾಲು ಮಾಡಿದೆ. ಹಿಂದಿನಿಂದ ಯಾರೋ, "ಪಾಯ್ಸ ಇಲ್ವಾ?" ಎಂದು ಕೂಗಿದರು.

ಒಬ್ಬಳು ಅಜ್ಜಿ ಎಲೆಯ ಮೇಲೆ ಬಿದ್ದ ಹತ್ತು ಅಗುಳನ್ನು ಕಣ್ಣಿಗೊತ್ತಿಕೊಂಡು ಕೇಳಿದಳು, "ಯಾರ್ ಎಸ್ರಲ್ಲಿ ಮಗಾ ಸೇವೆ?"

ಸೈಕಲ್ ಹತ್ತಿದ ಆ ಒಂದು ವರ್ಷದಲ್ಲಿ ಯಾರಿಗೆ ಬುತ್ತಿ ಅಂತ ಎಷ್ಟು ಜನ ಕೇಳಿದ್ದರೋ. ಒಂದು ಸಲವೂ ಬಾಯಿಗೆ ಸರಿಯಾದ ಉತ್ತರ ಬಂದಿರಲಿಲ್ಲ. ಅವತ್ತು ತಾನಾಗಿ ಬಂತು. "ನಮ್ಮಮ್ಮನ ಹೆಸರಲ್ಲಿ" ಅಂದೆ. ಅಜ್ಜಿ ಅಮ್ಮನ ಹೆಸರು ಕೇಳಿದಳು. ಹೇಳಿದೆ. ಸಾಲಿಗೆ ಸಾಲೇ ಅಮ್ಮನ ಹೆಸರು ಹಿಡಿದು ಉಘೇ ಉಘೇ ಎಂದಿತು. ಬದುಕಿದ್ದಾಗ ಅವಳನ್ನು ಅಷ್ಟು ಜನ ಒಟ್ಟಿಗೆ ಕರೆದದ್ದೇ ಇಲ್ಲ. ಒಂದು ಅಗುಳೂ ಉಳಿಯದ ಡಬ್ಬಿ ಹಿಡಿದುಕೊಂಡು ನಾನು ನಗುತ್ತಿದ್ದೆ, ಹೊಟ್ಟೆಯಲ್ಲಿ ಇಲಿ ಓಡುತ್ತಿತ್ತು.

ಸಾಲಿನ ಕೊನೆಯವನು ಒಬ್ಬ ಯುವಕ. ಡಬ್ಬಿಯೊಳಗೆ ಇಣುಕಿ, ಎಲೆ ಮಡಚಿ, ಬಹಳ ಬೇಜಾರಿನಿಂದ ಹೇಳಿ ಹೋದ, "ಮುಂದಿನ್ ವರ್ಸ ಒಸಿ ಜಾಸ್ತಿ ಮಾಡ್ಸಕ್ಕ. ಇಷ್ಟಿಷ್ಟೇ ಆಕಿ ಅವ್ವನ್ ಎಸ್ರು ಕೆಡ್ಸಬ್ಯಾಡ."

೭. ಖಾಲಿ ಕ್ಯಾರಿಯರ್

ಆಮೇಲೆ ನನಗೆ ಜ್ವರ ಬಂತು. ಮೈಕೈ ಕೀಲೆಲ್ಲ ಹಿಡಿದುಕೊಳ್ಳುವ ಜ್ವರ. ಎರಡು ಭಾನುವಾರ ಮಲಗಿದ್ದೆ. ಲ್ಯಾಬಿನವರು ಫೋನ್ ಮಾಡಿ ವಿಚಾರಿಸಿದರು, "ಸೋಮವಾರ ಬರ್ತೀರಲ್ಲ?" ಬೇರೆ ಯಾರಿಗೂ ಗೊತ್ತಾಗಲಿಲ್ಲ, ನಾನೂ ಹೇಳಲಿಲ್ಲ. ಹಾಲಿನಲ್ಲಿ ಬ್ರೆಡ್ಡು ಅದ್ದಿಕೊಂಡು ತಿನ್ನುತ್ತ, ಸತ್ತರೆ ಎಷ್ಟು ದಿನಕ್ಕೆ ಗೊತ್ತಾಗಬಹುದು ಅಂತ ಯೋಚಿಸಿದ್ದೂ ಉಂಟು. ಹಾಲಿನವನಿಗೆ ಮೊದಲು ಗೊತ್ತಾಗುತ್ತದೆ ಎನ್ನುವುದು ಒಂದು ಸಮಾಧಾನ.

ಮೂರನೆಯ ಭಾನುವಾರ ಮನೆಯಲ್ಲಿ ಇರಲಾಗಲಿಲ್ಲ. ಅಡಿಗೆ ಮಾಡುವ ಶಕ್ತಿ ಇಲ್ಲ, ಸೈಕಲ್ ಹತ್ತುವ ಶಕ್ತಿಯೂ ಇಲ್ಲ, ಆದರೂ ಹತ್ತಿದೆ. ಹಿಂದಿನ ಕ್ಯಾರಿಯರ್ ಖಾಲಿ. ನಿಧಾನಕ್ಕೆ ತುಳಿದುಕೊಂಡು ಹನೂರು ರಸ್ತೆಯ ತಾತನ ಜಗಲಿ ಮುಟ್ಟುವ ಹೊತ್ತಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಇಳಿದು ನಿಂತೆ.

ತಾತ ಮೊದಲು ಕ್ಯಾರಿಯರ್ ನೋಡಿದ. ಬುತ್ತಿ ಇಲ್ಲ. ಆಮೇಲೆ ನನ್ನ ಮುಖ ನೋಡಿದ. ಕಣ್ಣು ಗುಳಿ ಬಿದ್ದಿದೆ, ತಲೆ ಬಾಚಿಲ್ಲ. ಎರಡು ವಾರ ಈ ದಾರಿಗೆ ಬಂದಿಲ್ಲ. ಊರುಗೋಲು ಊರಿಕೊಂಡು ಎದ್ದು ನಿಂತ. ಅವನು ಎದ್ದು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಓಗ್ಬುಟ್ರಾ, ಅವ್ವಾ?"

ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಅಷ್ಟು ಮೆತ್ತಗೆ ನನ್ನನ್ನು ಯಾರಾದರೂ ಏನಾದರೂ ಕೇಳಿ ಎಷ್ಟು ಕಾಲವಾಗಿತ್ತೋ, ಕಣ್ಣಲ್ಲಿ ನೀರು ದಳದಳ ಇಳಿಯಿತು.

"ಏ, ಬಾ ಇಲ್ಲಿ!" ತಾತ ಒಳಗೆ ಕೂಗಿದ. "ಆಸ್ಪತ್ರೆಲಿದ್ದೋರು ಓದ್ರು!"

ಒಳಗಿನಿಂದ ತಾತನ ಹೆಂಡತಿ, ಒಬ್ಬ ಅಜ್ಜಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ತಾತ ವಾರವಾರವೂ ವರದಿ ಒಪ್ಪಿಸಿದ್ದನೆಂದು ಕಾಣುತ್ತದೆ, ಅವಳಿಗೆ ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. ಕೈಹಿಡಿದು ಜಗಲಿಯ ಮೇಲೆ ಕೂರಿಸಿ ತಲೆಯನ್ನು ಹೆಗಲಿಗೆ ಒತ್ತಿಕೊಂಡಳು. ಅಕ್ಕಪಕ್ಕದ ಹೆಂಗಸರು ಬಂದು ಸುತ್ತ ಕೂತರು. ಅದರಲ್ಲಿ ಒಬ್ಬಾಕೆ ಹಾಡಿಕೊಂಡು ಅಳುವುದರಲ್ಲಿ ಹೆಸರಾದವಳಂತೆ. ಬಂದವಳೇ ಎದೆ ತಟ್ಟಿಕೊಂಡು ಶುರು ಮಾಡಿದಳು, "ಎಂಗಿದ್ಯಪ್ಪೋ... ಸಿವ್ನೇ ನಮ್ಮಪ್ಪೋ..." ಅಷ್ಟರಲ್ಲಿ ಏನೋ ಅನುಮಾನ ಬಂದು, ಹಾಡು ನಿಲ್ಲಿಸಿ, ಸಾದಾ ಗಂಟಲಿನಲ್ಲಿ ನನ್ನನ್ನು ಕೇಳಿದಳು, "ಗಂಡ್ಸೋ ಎಂಗ್ಸೋ ಮಗಾ?"

"ಹೆಂಗಸು" ಅಂದೆ. "ನಮ್ಮಮ್ಮ."

"ಎಂಗಿದ್ಯವ್ವೋ... ನನ್ನ ತಾಯಮ್ಮೋ..." ಎಂದು ಆಕೆ ಮೊದಲಿನಿಂದ ಶುರು ಮಾಡಿದಳು. ನಾನು ಅತ್ತೆ. ಶಾಮಿಯಾನದವನೂ ಇರಲಿಲ್ಲ, ಎಲೆಯವನೂ ಇರಲಿಲ್ಲ. ಎರಡು ವರ್ಷದ್ದನ್ನೆಲ್ಲ ಗೊತ್ತಿಲ್ಲದ ಊರಿನ ಜಗಲಿಯ ಮೇಲೆ, ಅಮ್ಮನನ್ನು ಕಾಣದ ಹೆಂಗಸರ ನಡುವೆ ಕೂತು ಅತ್ತು ಮುಗಿಸಿದೆ.

"ಸೂತ್ಕದ್ ಮನೇಲಿ ಒಲೆ ಉರಿದಿರಾಕಿಲ್ಲ" ಎಂದು ಅಜ್ಜಿ ಎದ್ದು ಹೋಗಿ ತಟ್ಟೆ ತಂದಳು. ಬಿಸಿ ಮುದ್ದೆ, ಸೊಪ್ಪಿನ ಸಾರು. "ಓದೋರು ಓದ್ರು, ಇದ್ದೋರು ಉಣ್ಬೇಕು. ಉಣ್ಣು." ಒಂದು ಮುದ್ದೆ ಉಂಡೆ. ಕೇಳದೆಯೇ ಇನ್ನೊಂದು ಹಾಕಿದಳು. ಸುತ್ತ ಐದಾರು ಹೆಂಗಸರು ನಾನು ನುಂಗುವುದನ್ನೇ ನೋಡುತ್ತ ಕೂತಿದ್ದರು. ಯಾರ ಪಾತ್ರೆ ಯಾರಿಗೆ ವಾಪಸ್ ಕೊಡಬೇಕು ಎನ್ನುವ ಯೋಚನೆ ಇರಲಿಲ್ಲ. ಅಷ್ಟು ರುಚಿಯಾದ ಊಟ ನಾನು ಅಮ್ಮ ಹೋದ ಮೇಲೆ ಉಂಡಿಲ್ಲ.

ತಾತ ಕಣ್ಣೊರೆಸಿಕೊಂಡು ಕೇಳಿದ, "ಯಾವತ್ತವ್ವ ಓದದ್ದು?"

ಹೊಟ್ಟೆ ತುಂಬಿದ ಮೇಲೆ ಸುಳ್ಳು ಹೇಳಲು ಮನಸ್ಸು ಬರುವುದಿಲ್ಲ. "ಎರಡು ವರ್ಷ ಆಯ್ತು ತಾತ" ಅಂದೆ.

ಅಳುವ ಹೆಂಗಸು ಮೂಗು ಒರೆಸುವುದನ್ನು ಅರ್ಧಕ್ಕೇ ನಿಲ್ಲಿಸಿದಳು. ತಾತ ಬೆರಳು ಮಡಚಿ ಏನೋ ಲೆಕ್ಕ ಹಾಕಿದ, ಕೂಡಲಿಲ್ಲ.

"ಮತ್ತೆ ವಾರ್ವಾರ್ವೂ ಬುತ್ತಿಯ ಯಾರ್ಗ್ ಒಯ್ತಿದ್ದೆ?"

"ಮೊದಲನೇ ದಿನವೇ ಹೇಳಿದ್ನಲ್ಲ ತಾತ. ನನಗೇ. ನಾನೇ ತಿಂತಿದ್ದೆ."

ತಾತನ ಮುಖ ಕೆಂಪಾಯಿತು. ಊರುಗೋಲನ್ನು ನೆಲಕ್ಕೆ ಕುಟ್ಟಿದ.

"ಅಯ್ಯೋ ನಿನ್ ಮನೆ ಕಾಯ್ವೋಗ! ಪೇಷಂಟಿನ್ ಬುತ್ತಿಯೆಲ್ಲ ನೀನೇ ತಿಂದ್ಬುಟ್ಯಾ? ನಾನ್ ಏಳ್ದ ಉಳ್ಳಿ ಕಟ್ಟ್ನೂವಾ? ಅದ್ಕೇ ಕಣವ್ವ ಆ ತಾಯಿ ಓದದ್ದು!"

"ಸುಮ್ಕಿರಿ ಅತ್ಲಾಗೆ" ಎಂದಳು ಅಜ್ಜಿ. ಮೂರನೆಯ ಮುದ್ದೆಯನ್ನು ನನ್ನ ತಟ್ಟೆಗೆ ಹಾಕಿ, ಸಾರು ಹುಯ್ದು, ಗಂಡನ ಕಡೆ ತಿರುಗಿಯೂ ನೋಡದೆ ಹೇಳಿದಳು, "ಪೇಷಂಟು ಇವ್ಳೇ ಕಣ್ರಿ."

ತಾತ ನನ್ನನ್ನು ಮೇಲಿಂದ ಕೆಳಗೆ ನೋಡಿದ, ಮೊದಲನೆಯ ದಿನ ನೋಡಿದ ಹಾಗೆಯೇ. ಸೈಕಲ್ ನೋಡಿದ, ಖಾಲಿ ಕ್ಯಾರಿಯರ್ ನೋಡಿದ, ಮೂರನೆಯ ಮುದ್ದೆ ಮುರಿಯುತ್ತಿದ್ದ ನನ್ನ ಕೈ ನೋಡಿದ. ಕೋಪ ಇಳಿದು ಮುಖದಲ್ಲಿ ಹಳೆಯ ಚಿಂತೆ ವಾಪಸ್ ಬಂತು.

"ಅಂಗಾರೆ," ಎಂದ ಮೆಲ್ಲಗೆ, "ಡಿಸ್ಚಾರ್ಜ್ ಮಾಡುದ್ರಾ?"

ತುತ್ತು ನುಂಗಿ ಹೇಳಿದೆ, "ಇವತ್ತೇ ತಾತ. ಈಗ ತಾನೇ."